ಗುರುವಾರದ ಮಧ್ಯಾಹ್ನ ಬಾಗಿಲು ತೆರೆದವಳು

ಖಾಲಾಳ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳಿರಲಿಲ್ಲ. ತಿಕ್ಕಿ ತಿಕ್ಕಿ ಸವೆದ ಸಾಬೂನಿನ ತುಂಡಿನ ಹಾಗೆ ಅದು ನುಣ್ಣಗಿತ್ತು. ಉಗುರಿನ ಬುಡದಲ್ಲಿ ಅರಿಸಿನ ಕೂತ ಒಂದು ಸೀಳು, ಅದರ ಪಕ್ಕದಲ್ಲಿ ತವೆಯ ಅಂಚು ತಾಗಿ ಆದ ಹಳೆಯ ಕಲೆ. ನಮ್ಮ ಬಾಗಿಲಿಗೆ ಸ್ಮಾರ್ಟ್ ಲಾಕ್ ಕೂರಿಸಲು ಬಂದ ಕಂಪನಿಯವನು ಆ ಹೆಬ್ಬೆರಳನ್ನು ಗಾಜಿನ ಚುಕ್ಕಿಯ ಮೇಲೆ ಮತ್ತೆ ಮತ್ತೆ ಒತ್ತಿಸಿದ. ಬೀಗ ಪ್ರತಿ ಸಲವೂ ಕೆಂಪು ದೀಪ ತೋರಿಸಿತು.

"ಆಂಟಿ, ಉಂಗಲಿ ಸೂಖಾ ಹೈ. ಥೋಡಾ ಪಾನಿ ಲಗಾವ್," ಎಂದ. ನೀರು ಹಚ್ಚಿದ್ದಾಯಿತು, ಒರೆಸಿದ್ದಾಯಿತು, ನನ್ನ ಕೈ ಕ್ರೀಮ್ ಸವರಿದ್ದಾಯಿತು. ಹತ್ತೂ ಬೆರಳು ಮುಗಿದವು. ಖಾಲಾ ನಕ್ಕಳು.

"ರೇಶನ್ ಅಂಗಡ್ಯಾಗೂ ಹಿಂಗ ಆಕ್ಕೈತವಾ. ನಾ ಎದುರಿಗೇ ನಿಂತಿರ್ತೀನಿ, ಮಷಿನ್ನು ಮಾತ್ರ ನಾ ಇಲ್ಲ ಅಂತೈತಿ."

ಕೊನೆಗೆ ಅವಳಿಗೆಂದೇ ಆರಂಕಿಯ ಒಂದು ನಂಬರು ಹಾಕಿಸಿದೆವು. ಓದು ಬರದಿದ್ದರೂ ಅಂಕಿಗಳು ಅವಳಿಗೆ ಚೆನ್ನಾಗಿ ಗೊತ್ತಿದ್ದವು. ಒಂದೇ ಸಲಕ್ಕೆ ಬಾಯಿಪಾಠ ಮಾಡಿಕೊಂಡಳು. ಆಮೇಲೆ ಸೆರಗಿನ ತುದಿಯ ಗಂಟು ಬಿಚ್ಚಿ, ಹದಿಮೂರು ವರ್ಷ ಅಲ್ಲೇ ಇದ್ದ ನಮ್ಮ ಮನೆಯ ಚಾವಿಯನ್ನು ಟೇಬಲ್ ಮೇಲಿಟ್ಟಳು. "ತಗೋ. ಇನ್ನ ಇದು ಯಾಕ ಬೇಕು?" ಎಂದಳು. ಆಗ ನಾನು ಅವಳ ಮುಖ ನೋಡಬೇಕಿತ್ತು. ನಾನು ಫೋನಿನಲ್ಲಿ ಬೀಗದ ಆ್ಯಪ್ ಇಳಿಸಿಕೊಳ್ಳುತ್ತಿದ್ದೆ.

ನಾವಿರುವುದು ಭಾಂಡುಪ್ ಪಶ್ಚಿಮದಲ್ಲಿ, ಹಿಂದೆ ಕಾರ್ಖಾನೆಯಿದ್ದ ಜಾಗದಲ್ಲಿ ಎದ್ದ ಬಿಲ್ಡಿಂಗಿನ ಒಂಬತ್ತನೆಯ ಮಹಡಿ. ಖಾಲಾ ಇದ್ದದ್ದು ನಮ್ಮ ಅಡುಗೆಮನೆಯ ಕಿಟಕಿಯಿಂದ ಕಾಣುವ ಗುಡ್ಡದ ಮೇಲಿನ ಒಂದು ಕೋಣೆಯಲ್ಲಿ. ಮಗಳಿಗೆ ಒಂದು ವರ್ಷ ತುಂಬಿ ನಾನು ಬಾಂದ್ರಾದ ಆಫೀಸಿಗೆ ಮರಳಲೇಬೇಕಾದಾಗ ಪಕ್ಕದ ವಿಂಗಿನವರು ಅವಳನ್ನು ಕಳಿಸಿಕೊಟ್ಟಿದ್ದರು. ಮೊದಲ ದಿನವೆಲ್ಲ ನಾವಿಬ್ಬರೂ ಹಿಂದಿಯಲ್ಲೇ ಮಾತಾಡಿದೆವು. ಸಂಜೆ ಹಾಲು ಉಕ್ಕಿದಾಗ ಅವಳು ಒಲೆಯನ್ನು ಬೈದಳು: "ಹಾಳಾದ್ದು, ಒಂದ್ ಮಿನಿಟು ಬೆನ್ನು ತಿರಗಸೂ ಹಂಗಿಲ್ಲ!"

"ನಿಮಗೆ ಕನ್ನಡ ಬರುತ್ತಾ?" ಎಂದು ಓಡಿ ಬಂದೆ.

"ಬರದs ಏನ್ರಿ? ಇಂಡಿ ತಾಲೂಕಿನಾಕಿ ನಾ."

ತನ್ನ ಮನೆಯಲ್ಲಿ ದಖನಿ ಉರ್ದು, ನನ್ನೊಡನೆ ಬಿಜಾಪುರದ ಕನ್ನಡ, ವಾಚ್‌ಮನ್ ಹತ್ತಿರ ಮರಾಠಿ. ನನ್ನ ಉಡುಪಿ ಕಡೆಯ ಕನ್ನಡ ಕೇಳಿದರೆ ಅವಳಿಗೆ ನಗು. "ನೀ ಮಾತಾಡಿದ್ರ ಯಾರೋ ರೇಡಿಯೋ ಹಚ್ಚಿದಂಗ ಆಕ್ಕೈತಿ," ಎನ್ನುತ್ತಿದ್ದಳು. ಖಾಲಾ ಎಂದರೆ ಚಿಕ್ಕಮ್ಮ. ಇಡೀ ಬಿಲ್ಡಿಂಗ್ ಹಾಗೆ ಕರೆಯುತ್ತಿತ್ತು. ಆದರೆ ಅದು ನಿಜವಾಗಿದ್ದದ್ದು ನನ್ನ ಮಗಳಿಗೊಬ್ಬಳಿಗೆ.

ಖಾಲಿ ಮನೆಯೊಳಗೆ ಬರುವಾಗಲೂ ಅವಳು ಹೊಸ್ತಿಲಲ್ಲಿ ನಿಂತು "ಬಂದ್ನೆವಾ" ಎಂದು ಹೇಳಿಯೇ ಕಾಲಿಡುತ್ತಿದ್ದಳು. ಯಾರಿಗೆ ಹೇಳುತ್ತೀರಿ ಎಂದು ಕೇಳಿದರೆ, "ಮನಿಗೆ," ಎನ್ನುವಳು. ನಾನು ಮನೆಯಲ್ಲಿರುವ ರಜೆಯ ದಿನ, ಹತ್ತು ಗಂಟೆಗೆ ಕೆಲಸ ಮುಗಿದ ಮೇಲೆ ಅರ್ಧ ಗ್ಲಾಸ್ ಚಹಾ ಹಿಡಿದು ಕಿಟಕಿಯ ಬಳಿ ನಿಂತು, ಗುಡ್ಡದ ಮೇಲಿನ ನೂರಾರು ನೀಲಿ ತಾಡಪತ್ರಿ ಸೂರುಗಳ ನಡುವೆ ತನ್ನ ಮನೆಯನ್ನು ಹುಡುಕಿ, "ಅದs ನಮ್ಮದು" ಎಂದು ನನಗೆ ತೋರಿಸುತ್ತಿದ್ದಳು. ನನಗೆ ಒಂದು ದಿನವೂ ಅದು ಗೊತ್ತಾಗಲಿಲ್ಲ. ಕಂಡಿತು ಎಂದು ಸುಳ್ಳು ಹೇಳುತ್ತಿದ್ದೆ.

ಮಗಳಿಗೆ ಮೂರು ವರ್ಷವಿದ್ದಾಗ ನಡೆದದ್ದನ್ನು ಇಲ್ಲಿ ಹೇಳಬೇಕು. ಖಾಲಾ ಕಸದ ಬುಟ್ಟಿ ಇಡಲು ಹೊರಗೆ ಕಾಲಿಟ್ಟಿದ್ದೇ ತಡ, ಗಾಳಿಗೆ ಬಾಗಿಲು ಬಡಿದುಕೊಂಡಿತು. ಒಳಗೆ ಮಗು ಒಬ್ಬಳೇ, ಒಲೆಯ ಮೇಲೆ ಕುದಿಯುವ ಬೇಳೆ, ಚಾವಿ ಅಂದೊಂದು ದಿನ ಸೆರಗಿನ ಗಂಟಿನ ಬದಲು ಅಡುಗೆಮನೆಯ ಮೊಳೆಯಲ್ಲಿ. ಪಕ್ಕದ ಮನೆಯವರು ಚಾವಿ ಮಾಡುವವನನ್ನು ಕರೆತರಲು ಸ್ಟೇಷನ್ ಕಡೆ ಓಡಿದರು. ನಾನು ಬಾಂದ್ರಾದಿಂದ ಬಂದು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ನಡೆದದ್ದನ್ನು ಪಕ್ಕದ ಮನೆಯವರೇ ಹೇಳಿದರು. ಖಾಲಾ ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ, ಬಾಗಿಲಡಿಯ ಸಂದಿಯಲ್ಲಿ ಬೆರಳು ತೂರಿಸಿ, "ಬೇಟಾ, ನನ್ನ ಬಳ್ಳ ಹಿಡಕೋ. ಬಿಟ್ಟಿ ಅಂದ್ರ ನಾ ಅಳ್ತೀನಿ ನೋಡು," ಎಂದಿದ್ದಳಂತೆ. ಬೀಗ ಒಡೆಯುವವರೆಗೂ ಆ ಮಗು ಅಡುಗೆಮನೆಯ ಕಡೆ ಹೋಗದೆ, ಖಾಲಾ ಅಳಬಾರದೆಂದು ಆ ಬೆರಳುಗಳನ್ನು ಹಿಡಿದುಕೊಂಡೇ ಕೂತಿತ್ತು. ಒಳಗೆ ಬೇಳೆ ಸೀದು ಕರಕಲಾಗಿತ್ತು. ಖಾಲಾಳ ಬೆರಳ ಗೆಣ್ಣುಗಳು ತರಚಿ ಹೋಗಿದ್ದವು.

ಆರನೆಯ ವರ್ಷಕ್ಕೆ ಮಗಳ ಮಾತು ತೊದಲತೊಡಗಿತು. ಶಾಲೆಯ ಇಂಗ್ಲಿಷ್ ಇರಲಿ, ಗೆಳತಿಯರ ಹಿಂದಿ ಇರಲಿ, ಮೊದಲ ಅಕ್ಷರದಲ್ಲೇ ಸಿಕ್ಕಿಕೊಳ್ಳುವಳು. ನಾವು ಡಾಕ್ಟರರ ಬಳಿ ಹೋದೆವು, ವ್ಯಾಯಾಮ ಮಾಡಿಸಿದೆವು, ಅವಳು ತಡವರಿಸಿದಾಗ ಆತುರದಿಂದ ಪದವನ್ನು ನಾವೇ ಮುಗಿಸಿಕೊಟ್ಟೆವು. ಖಾಲಾ ಒಂದು ಸಲವೂ ಮುಗಿಸಿಕೊಡಲಿಲ್ಲ. ಹಿಟ್ಟು ನಾದುತ್ತ ಕಾಯುವಳು. "ನಿಧಾನ ಹೇಳ ಬೇಟಾ. ನನಗೇನು ಲೋಕಲ್ ಟ್ರೇನ್ ಹಿಡಿಯೂದೈತೇನು?" ನನ್ನೊಡನೆ ಕನ್ನಡ ಆಡಲು ನಾಚುವ ಮಗಳು ಅವಳೊಡನೆ ಇಂಡಿಯ ಕನ್ನಡದಲ್ಲಿ ಗಂಟೆಗಟ್ಟಲೆ ಹರಟುತ್ತಿದ್ದಳು. ಆ ಕನ್ನಡದಲ್ಲಿ ತೊದಲು ಬಹಳ ಕಡಿಮೆ. ಯಾಕೆ ಎಂದು ನಾನು ಯೋಚಿಸಲಿಲ್ಲ. ನಗುತ್ತಿದ್ದೆ ಅಷ್ಟೆ.

ಮಗಳು ಹೈಸ್ಕೂಲಿಗೆ ಬಂದ ಮೇಲೆ ಎರಡು ಸಲ ಚಾವಿ ಕಳೆದಳು. ಕೆಳಗಿನ ಮಹಡಿಯಲ್ಲೊಂದು ಕಳ್ಳತನವಾಯಿತು. ಹಾಗೆ ಬಂತು ಆ ಬೀಗ. ಅದನ್ನು ನಾನು ದೂರಲಾರೆ. ಮೊದಲ ತಿಂಗಳುಗಳಲ್ಲಿ ನನಗೆ ಅದರ ಮೇಲೆ ಪ್ರೀತಿಯೇ ಹುಟ್ಟಿತ್ತು. ಬೆಳಗಿನ ಶಾಲೆ, ಅಲ್ಲಿಂದಲೇ ಟ್ಯೂಷನ್ ಮುಗಿಸಿ ಎರಡೂಕಾಲಿಗೆ ಮಗಳು ಬೆರಳಿಟ್ಟಳೆಂದರೆ ಬಾಂದ್ರಾದಲ್ಲಿ ನನ್ನ ಫೋನು ಸಣ್ಣಗೆ ಸದ್ದು ಮಾಡುತ್ತಿತ್ತು. ಅವಳ ಬೆರಳಿಗೆ ಮಾತ್ರ ಹಾಗೆ ಹಾಕಿಸಿಕೊಂಡಿದ್ದೆ. ಆ ಸದ್ದು ಕೇಳಿದ ಮೇಲೆಯೇ ನಾನು ಡಬ್ಬಿ ಬಿಚ್ಚುತ್ತಿದ್ದೆ.

ಒಂದು ಭಾನುವಾರ ಗಂಡ ಸುಮ್ಮನೆ ಆ್ಯಪ್ ತೆರೆದು ನೋಡುತ್ತ ಕೂತಿದ್ದರು. ಯಾರು ಯಾವಾಗ ಬಾಗಿಲು ತೆರೆದರು ಎಂಬುದು ಅದರಲ್ಲಿ ಸಾಲಾಗಿ ಬೀಳುತ್ತದೆ. "ಇದು ನೋಡು," ಎಂದರು. ಹಿಂದಿನ ಮೂರು ಗುರುವಾರ, ಮಧ್ಯಾಹ್ನ ಹನ್ನೆರಡೂಕಾಲಿಗೆ, ಖಾಲಾಳ ನಂಬರು. ಅವಳು ಬೆಳಗಿನ ಕೆಲಸ ಮುಗಿಸಿ ಹೋಗಿ, ಮನೆಯಲ್ಲಿ ಯಾರೂ ಇಲ್ಲದ ಹೊತ್ತು. ಎರಡು ಗಂಟೆಯ ಸುಮಾರಿಗೆ ಒಳಗಿನಿಂದ ಬಾಗಿಲು ತೆರೆದಿತ್ತು.

"ಕೇಳಿಬಿಡು, ಏನೋ ಇರುತ್ತೆ," ಎಂದರು ಗಂಡ. ನಾನು ಕೇಳಲಿಲ್ಲ. ಅಲಮಾರಿ ತೆರೆದು ನೋಡಿದೆ. ಒಂದು ಸಾಮಾನೂ ಹೋಗಿರಲಿಲ್ಲ. ಅದರಿಂದ ನನ್ನ ಮನಸ್ಸು ತಿಳಿಯಾಗಬೇಕಿತ್ತು, ಇನ್ನಷ್ಟು ಕಲಕಿತು. ಮುಂದಿನ ಗುರುವಾರ ಹನ್ನೆರಡಕ್ಕೆ ಆಫೀಸಿನ ಮೇಜಿನ ಮುಂದೆ ಕೂತು, ಫೋನಿನಲ್ಲಿ ಅವಳ ನಂಬರನ್ನು ಅಳಿಸಿ ಕಾದೆ. ಹನ್ನೆರಡು ಹದಿನೇಳಕ್ಕೆ ಸಂದೇಶ ಬಂತು: ತಪ್ಪು ನಂಬರು. ಮತ್ತೊಮ್ಮೆ. ಮೂರನೆಯ ಸಲ. ಆಮೇಲೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೆ ಖಾಲಾ ಬೆಲ್ ಒತ್ತಿದಳು. ಮಗಳು ಆಗಲೇ ಶಾಲೆಗೆ ಹೋಗಿದ್ದಳು. ಖಾಲಾ ಬದನೆಕಾಯಿ ಹೆಚ್ಚಲು ಕೂತಾಗ ಕೇಳಿದೆ.

"ಗುರುವಾರ ಮಧ್ಯಾಹ್ನ ಮನೆಗೆ ಬರ್ತಿದ್ದೀರಾ ಖಾಲಾ?"

ಕೈ ನಿಂತಿತು. "ಹೂಂ, ಬರ್ತಿದ್ದೆ."

"ಯಾಕೆ?"

"ಸುಮ್ಮ. ತುಸು ಕುಂತು ಹೋಗ್ತಿದ್ದೆ." ಮತ್ತೊಂದು ಬದನೆಕಾಯಿ ಎತ್ತಿಕೊಂಡು ಅವಳೇ ಕೇಳಿದಳು, "ಏನರ ಕಳದೈತೇನವಾ?"

"ಇಲ್ಲ."

"ಮತ್ತ?"

ಆ 'ಮತ್ತ' ಕೇಳಿ ನನಗೆ ಸಿಟ್ಟು ಬಂತು. "ನಮಗೆ ಹೇಳದೆ ಒಳಗೆ ಬರೋದು ಸರಿಯಲ್ಲ. ನಾಳೆಯಿಂದ ಬರೋದು ಬೇಡ," ಎಂದುಬಿಟ್ಟೆ. ಬಾಯಿಂದ ಬಿದ್ದ ಮೇಲೆ ನನಗೇ ಗಾಬರಿಯಾಯಿತು, ಆದರೆ ಹಿಂದೆ ತೆಗೆದುಕೊಳ್ಳಲಿಲ್ಲ.

ಅವಳು ಉಳಿದ ಬದನೆಕಾಯಿಯನ್ನೂ ಹೆಚ್ಚಿ ನೀರಿಗೆ ಹಾಕಿದಳು. ಈಳಿಗೆ ತೊಳೆದಿಟ್ಟಳು. ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು ಹೇಳಿದಳು, "ಹುಡುಗಿಗಿ ಒಮ್ಮೆ ಕುಂಡ್ರಿಸಿಕೊಂಡು ಕೇಳವಾ, ಆ ಟ್ಯೂಷನ್ ಹೆಂಗ ನಡದೈತಿ ಅಂತ." ಮಾತು ಮರೆಸುತ್ತಿದ್ದಾಳೆ ಅಂದುಕೊಂಡೆ. ಕೇಳಲಿಲ್ಲ. ಮಗಳಿಗೆ, ಖಾಲಾ ಊರಿಗೆ ಹೋದಳು, ಇನ್ನು ಬರುವುದಿಲ್ಲವಂತೆ ಎಂದೆ. ಮಗಳು ಕೋಣೆಯ ಬಾಗಿಲು ಹಾಕಿಕೊಂಡಳು. ದೊಡ್ಡವಳಾಗುತ್ತಿದ್ದಾಳೆ ಎಂದುಕೊಂಡೆ.

ಎಂಟು ತಿಂಗಳು ಕಳೆದವು. ಹೊಸ ಫ್ಲ್ಯಾಟ್ ತೆಗೆದುಕೊಂಡಿದ್ದ ನನ್ನ ಮೈದುನ ಒಂದು ಮಧ್ಯಾಹ್ನ ಊಟಕ್ಕೆ ಬಂದವನು ಬೀಗದ ಬಗ್ಗೆ ವಿಚಾರಿಸಿದ. ಹಾಕಿಸಲೋ ಬೇಡವೋ ಎಂದು ಅವನಿಗೆ ಅನುಮಾನ. ಗಂಡ ಉತ್ಸಾಹದಿಂದ ವಿವರಿಸಿದರು. ಚಾವಿಯ ಕಾಟವಿಲ್ಲ, ಮರೆತರೆ ತಾನೇ ಹಾಕಿಕೊಳ್ಳುತ್ತದೆ, ಎಲ್ಲಿಂದ ಬೇಕಾದರೂ ತೆರೆಯಬಹುದು. ತೊಂದರೆಯೂ ಉಂಟು: ಸೆಲ್ ಮುಗಿದರೆ ಹೊರಗೆ ನಿಲ್ಲಬೇಕು, ಒದ್ದೆ ಕೈ ಆಗುವುದಿಲ್ಲ, ಮನೆಗೆ ಬರುವ ನೆಂಟರಿಗೆಲ್ಲ ಪಾಠ ಮಾಡಬೇಕು. "ಆದರೆ ಒಂದು ದೊಡ್ಡ ಲಾಭ," ಎಂದರು. "ಯಾರು ಯಾವಾಗ ಬಂದರು ಅಂತ ಗೊತ್ತಾಗುತ್ತೆ. ನಮ್ಮ ಖಾಲಾ ಗುರುವಾರ ಮಧ್ಯಾಹ್ನ ಖಾಲಿ ಮನೆಗೆ ಬರ್ತಿದ್ದದ್ದು ಸಿಕ್ಕಿದ್ದೇ ಇದರಿಂದ. ಬಿಡಿಸಿಬಿಟ್ಟೆವು."

ಮಗಳು ಚಮಚ ಕೆಳಗಿಟ್ಟಳು. ಎದ್ದು ನಿಂತಳು. ಬಾಯಿ ತೆರೆದಳು, ಮಾತು ಬರಲಿಲ್ಲ. ನಾವು ಮೂವರೂ ಅವಳನ್ನೇ ನೋಡುತ್ತಿದ್ದೆವು.

"ಖ... ಖಾಲಿ ಇರಲಿಲ್ಲ," ಎಂದಳು. "ನ-ನಾನಿದ್ದೆ."

ಅಂದು ಅವಳು ತುಂಡುತುಂಡಾಗಿ ಹೇಳಿದ್ದನ್ನು ಕೂಡಿಸಿದರೆ ಇಷ್ಟು. ಗುರುವಾರದ ಟ್ಯೂಷನ್ನಿನಲ್ಲಿ ಎದ್ದು ನಿಂತು ಉತ್ತರ ಹೇಳಬೇಕಿತ್ತು. ಇಡೀ ಕ್ಲಾಸು ಅವಳ ತೊದಲನ್ನು ಅಣಕಿಸುತ್ತಿತ್ತು, ಸರ್ ಕೂಡ ನಗುತ್ತಿದ್ದರು. ಒಂದು ಗುರುವಾರ ಅವಳು ಟ್ಯೂಷನ್ನಿನ ಗೇಟಿನ ಹೊರಗೆ ಅಳುತ್ತ ನಿಂತದ್ದನ್ನು ಬೇರೆ ಮನೆಯ ಕೆಲಸ ಮುಗಿಸಿ ಹೋಗುತ್ತಿದ್ದ ಖಾಲಾ ನೋಡಿದಳು. ಮಗಳು ಬೆರಳಿಟ್ಟರೆ ನನಗೆ ಗೊತ್ತಾಗುತ್ತದೆ. ಅದಕ್ಕೇ ಖಾಲಾಳ ನಂಬರಿನಿಂದ ಒಳಗೆ ಬಂದರು. ಖಾಲಾ ಅವಳಿಗೆ ಉಣ್ಣಿಸಿ, ಎದುರಿಗೆ ಕೂರಿಸಿಕೊಂಡು, ಪುಸ್ತಕದ ಪಾಠವನ್ನು ಕನ್ನಡದಲ್ಲಿ ಹೇಳಿಸುತ್ತಿದ್ದಳಂತೆ. "ನನಗ ತಿಳಿಯೂ ಹಂಗ ಹೇಳು. ನಾ ಏನ್ ನಗೂದಿಲ್ಲ." ಎರಡಕ್ಕೆ ಇಬ್ಬರೂ ಹೊರಬಂದು, ಖಾಲಾ ಹೋದ ಮೇಲೆ ಮಗಳು ಬೆರಳಿಟ್ಟು ಒಳಗೆ ಹೋಗುತ್ತಿದ್ದಳು. ಬಾಂದ್ರಾದಲ್ಲಿ ನಾನು ನೆಮ್ಮದಿಯಿಂದ ಡಬ್ಬಿ ಬಿಚ್ಚುತ್ತಿದ್ದೆ.

"ಮಮ್ಮಾಗೆ ನೀನೇ ಹೇಳ್ಬೇಕು ಅಂತಿದ್ಳು," ಎಂದಳು ಮಗಳು. "ನಾನು ಆಣೆ ಹಾಕಿಸ್ಕೊಂಡಿದ್ದೆ. ಹೇಳ್ಬೇಡ ಅಂತ."

ನಾನು ನಂಬರು ಅಳಿಸಿದ ಆ ಗುರುವಾರ ಮಗಳೂ ಬಾಗಿಲ ಮುಂದೆ ಇದ್ದಳು. ಮೂರನೆಯ ಸಲ ಬೀಗ ಒಲ್ಲೆನೆಂದಾಗ ಖಾಲಾಗೆ ಎಲ್ಲ ತಿಳಿದಿರಬೇಕು. ಮಗಳು ಬೆರಳಿಡಲು ಹೋದರೆ ಕೈ ಹಿಡಿದು ತಡೆದಳಂತೆ. "ಸೆಲ್ ಹೋಗೈತಿ ಕಾಣ್ತೈತಿ ಬೇಟಾ," ಎಂದು ಅವಳನ್ನು ಟ್ಯೂಷನ್ನಿಗೆ ಕರೆದುಕೊಂಡು ಹೋಗಿ, ಮುಗಿಯುವ ತನಕ ಮೆಟ್ಟಿಲ ಮೇಲೆ ಕೂತಿದ್ದಳಂತೆ.

ಮರುದಿನ ಬೆಳಿಗ್ಗೆ ನಾನೂ ಮಗಳೂ ಗುಡ್ಡ ಹತ್ತಿದೆವು. ಇಷ್ಟು ವರ್ಷಗಳಲ್ಲಿ ನಾನು ಅಲ್ಲಿಗೆ ಹೋದದ್ದು ಅದೇ ಮೊದಲು. ಕೇಳಿ ಕೇಳಿ ಖಾಲಾಳ ಕೋಣೆ ಮುಟ್ಟಿದೆವು. ಅವಳ ಸೊಸೆ ಹೊರಗೆ ಬಂದು ನಮ್ಮನ್ನು ನೋಡಿ, ಗುರುತು ಹಿಡಿದು, ಸೆರಗನ್ನು ತಲೆಗೆಳೆದುಕೊಂಡಳು.

"ಅಕಿ ಹೋಗಿ ಒಂದು ತಿಂಗಳಾತ್ರಿ. ಊರಾಗ. ಎದಿ ಹಿಡಕೊಂಡೈತಿ ಅಂದಳು, ದವಾಖಾನಿಗೆ ಒಯ್ಯೂದ್ರಾಗ ಮುಗದಿತ್ತು."

ಅವಳು ಸ್ಟೂಲು ಇಟ್ಟಳು, ಕೂತೆ. ಕೆಲಸ ಬಿಟ್ಟ ಬಗ್ಗೆ ಏನು ಹೇಳಿದ್ದಳು ಎಂದು ಕೇಳಿದೆ. "ಹುಡುಗಿ ದೊಡ್ಡಾಕಿ ಆದಳು, ಅವ್ರಿಗೆ ಈಗ ನನ್ನ ಕೆಲಸ ಇಲ್ಲ ಅಂದ್ಳ್ರಿ. ನಿಮ್ಮ ಬಗ್ಗೆ ಯಾರರ ಒಂದು ಮಾತಂದ್ರ ಜಗಳಕ್ಕ ಬೀಳ್ತಿದ್ಳು."

ಮಗಳು ಬಾಗಿಲಿಗೆ ಆನಿಕೊಂಡು ನಿಂತಿದ್ದಳು. "ನ... ನನ್ನ ಬಗ್ಗೆ ಏನರ ಅಂದಿದ್ಳೇನ್ರಿ?" ಎಂದು ಕೇಳಿದಳು, ಖಾಲಾಳದೇ ಕನ್ನಡದಲ್ಲಿ.

ಸೊಸೆ ಅವಳನ್ನು ನೋಡಿದಳು. "ಗುರುವಾರ ಬಂತಂದ್ರ ಅಕಿಗೆ ಊಟ ಸೇರ್ತಿರಲಿಲ್ಲ ತಂಗಿ. 'ಹುಡುಗಿ ಇವತ್ತ ಒಬ್ಬಾಕೇ ಹೋಗಿರ್ತಾಳ' ಅಂತಿದ್ಳು. ಊರಿಗೆ ಹ್ವಾದ ಮ್ಯಾಲೂ ಫೋನ್ ಹಚ್ಚಿದಾಗ ಅದನ್ನ ಕೇಳಾಕಿ. ಟ್ಯೂಷನ್ ಕಡೆ ಹೋಗಿ ಒಮ್ಮೆ ನೋಡಿ ಬಾ ಅನ್ನಾಕಿ. ಎರಡು ಸಲ ಹೋಗಿ ಬಂದೀನಿ ನಾ. ನೀ ಒಳಗ ಹೋಗೂದು ನೋಡಿ ಹೇಳಿದ್ರ, 'ಬರೋಬರ್ ಆತು' ಅಂತಿದ್ಳು."

ಗುಡ್ಡ ಹತ್ತುವಾಗ ನಾನು ಹೇಳಬೇಕೆಂದಿದ್ದ ಮಾತುಗಳನ್ನೆಲ್ಲ ಜೋಡಿಸಿಕೊಂಡು ಬಂದಿದ್ದೆ. ಅವೆಲ್ಲ ಖಾಲಾಗೆ ಹೇಳಬೇಕಾಗಿದ್ದ ಮಾತುಗಳು. ಮಗಳು ಆ ಹೆಂಗಸಿನ ಎದುರು ನೆಲದ ಮೇಲೆ ಕೂತಳು. ಗೇಟಿನ ಹೊರಗೆ ಅತ್ತದ್ದರಿಂದ ಶುರು ಮಾಡಿ, ನಿಂತು, ತಡವರಿಸಿ, ಮತ್ತೆ ಶುರು ಮಾಡಿ, ನಿಮ್ಮ ಅತ್ತೆ ಯಾವ ತಪ್ಪನ್ನೂ ಮಾಡಲಿಲ್ಲ ಎಂಬಲ್ಲಿಯವರೆಗೆ ಎಲ್ಲವನ್ನೂ ಹೇಳಿದಳು. ಬಹಳ ಹೊತ್ತು ಹಿಡಿಯಿತು. ಎಷ್ಟೋ ಕಡೆ ಪದ ನನ್ನ ನಾಲಗೆಯ ತುದಿಗೆ ಬಂದಿತ್ತು. ನಾನು ಮುಗಿಸಿಕೊಡಲಿಲ್ಲ.