ಗಿಲಾವ್ ಬೀಳದ ಗೋಡೆ

ಲಿಂಗಸುಗೂರಿನಲ್ಲಿ ನಮ್ಮ ಹೊಸ ಮನೆ ಕಟ್ಟುತ್ತಿದ್ದ ಗೌಂಡಿಯದು ಯಾವ ದೋಷ ತೋರಿಸಿದರೂ ಒಂದೇ ಉತ್ತರ. ಇಟ್ಟಂಗಿ ಸಾಲು ಸೊಟ್ಟಗಿರಲಿ, ಸಂದಿಯ ಮೇಲೇ ಸಂದಿ ಬಂದಿರಲಿ, ಕೊನೆಗೆ ಬಳಿಯುವ ಸಿಮೆಂಟಿನ ಗಿಲಾವಿನ ಮೇಲೆ ಅವನಿಗೆ ಅಷ್ಟು ನಂಬಿಕೆ. ಅಂಗೈಯಿಂದ ಗೋಡೆ ಸವರಿ ನಗುತ್ತಿದ್ದ.

"ಗಿಲಾವ್ ಬಿದ್ರ ಎಲ್ಲಾ ಮುಚ್ಚಿ ಹೋಗ್ತೈತ್ರೀ ಅಕ್ಕಾರ."

"ಗಿಲಾವ್ ಅಂದ್ರ ಕೌದಿ ಏನಪಾ, ಎಲ್ಲಾ ಹೊಚ್ಚಾಕ?" ಎಂದು ಕೂಗಾಡಿ, ಅಡುಗೆಮನೆಯ ಗೋಡೆಯನ್ನು ಎರಡು ಸಲ ಕೆಡವಿಸಿ ಕಟ್ಟಿಸಿದೆ. ಆಗಲೂ ಅದು ಹೊಟ್ಟೆ ಉಬ್ಬಿಸಿಕೊಂಡೇ ನಿಂತಿತು. ಮೂರನೆಯ ಸಲ ಕೆಡವು ಅಂದ ಮರುದಿನ ಆತ ಬರಲೇ ಇಲ್ಲ, ಫೋನೂ ಎತ್ತಲಿಲ್ಲ. ಸಿಟ್ಟಿನಲ್ಲಿ ಬಸ್ ಹತ್ತಿ ಮಸ್ಕಿಗೆ ಹೋಗಿ, ಅವನ ಮನೆಯ ಮುಂದೆಯೇ ನಿಂತೆ.

ಆತ ಹೊರಗೆ ಬಂದ; ನನ್ನ ಕಣ್ಣು ಮಾತ್ರ ಅವನ ಬೆನ್ನ ಹಿಂದಿನ ಗೋಡೆಗೆ ಹೋಯಿತು. ಹಳೆಯ ತಗಡಿನ ಮಾಡಿನ ಕೆಳಗೆ ಗಿಲಾವ್ ಕಾಣದ ಬರೀ ಇಟ್ಟಂಗಿಯ ಗೋಡೆ. ಒಂದು ಸಾಲೂ ನೂಲಿನಷ್ಟು ಅತ್ತಿತ್ತ ಆಗಿರಲಿಲ್ಲ.

"ಇದನ್ನ ಯಾರು ಕಟ್ಯಾರ?"

"ನಾನ ರೀ."

"ಮತ್ತ ನಮ್ಮ ಮನಿ ಕಟ್ಟಾಕ ಏನ್ ಧಾಡಿ ಆಗಿತ್ತು ನಿನಗ?"

ಆತ ಗೋಡೆ ಸವರಿದ. ಈ ಸಲ ನಗಲಿಲ್ಲ.

"ಇದಕ್ಕ ಗಿಲಾವ್ ಬೀಳಂಗಿಲ್ಲಂತ ಕಟ್ಟೋ ಮುಂದನ ಗೊತ್ತಿತ್ರೀ ಅಕ್ಕಾರ."