ಪಾರ್ಲರಮ್ಮನ ಮನೆಯಲ್ಲಿ ರಾಜರ ಕಾಲದ ಊಟ

ಹುಬ್ಬು ತೀಡುವುದರಲ್ಲಿ ಪಾರ್ಲರಮ್ಮನನ್ನು ಮೀರಿಸುವವರು ಆ ಸುತ್ತಮುತ್ತಲೆಲ್ಲೂ ಇರಲಿಲ್ಲ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ದಾರದ ತುದಿ ಹಲ್ಲಲ್ಲಿ ಕಚ್ಚಿ ಅವಳು ಬಗ್ಗಿದರೆ ಇಂಜಿನಿಯರರ ಹೆಂಡತಿಯಾಗಲಿ, ಹಲ್ಲಿನ ಡಾಕ್ಟರಮ್ಮನಾಗಲಿ ಕಣ್ಣುಮುಚ್ಚಿ ಕೂರಲೇಬೇಕು. ಕೂತವರು ತಮ್ಮತಮ್ಮಲ್ಲೇ ಪಾರ್ಟಿಗಳ ಸುದ್ದಿ ಮಾತಾಡುತ್ತಿದ್ದರು. ವರ್ಷಗಟ್ಟಲೆ ಅದನ್ನೇ ಕೇಳಿಸಿಕೊಂಡವಳಿಗೆ ಒಂದು ದಿನ ಅವರಿಬ್ಬರೂ ಬಂದಿದ್ದಾಗ ತಡೆಯಲಾಗಲಿಲ್ಲ.

"ನಮ್ಮನೆಗೂ ಬನ್ನಿ ಮೇಡಂ. ರಾಜರ ಕಾಲದ ಊಟ. ಎಲ್ಲರೂ ವೇಷ ಹಾಕ್ಕೊಂಡೇ ಬರ್ಬೇಕು."

ಇಬ್ಬರು ಹೆಂಗಸರೂ ಕನ್ನಡಿಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಖಂಡಿತ ಬರ್ತೀವಿ" ಎಂದರು ಡಾಕ್ಟರಮ್ಮ.

ಪಾರ್ಲರಮ್ಮನ ಗಂಡ ಕರೆಂಟಿನ ಮೀಟರ್ ಓದುವವನು. ಬೀದಿನಾಯಿಗಳ ಹೊರತು ಅವನ ಕಡೆ ತಿರುಗಿ ನೋಡುವವರು ಕಡಿಮೆ. "ನಾನು ರಾಜಾನಾ?" ಎಂದು ಆಸೆಯಿಂದ ಕೇಳಿದ.

"ಈ ಮೂತಿಗೆ ರಾಜ ಬೇರೆ! ಬಾಗಿಲು ಕಾಯಿರಿ. ನೀವು ಬಾಯಿಬಿಟ್ರೆ ಮಾನ ಹೋಗುತ್ತೆ. ಭರ್ಜಿ ಹಿಡ್ಕೊಂಡು ಸುಮ್ನೆ ನಿಂತಿರಿ."

ನಾಟಕದ ಕಂಪನಿಯಿಂದ ಬೆವರು ನಾರುವ ಜರಿಯ ಬಟ್ಟೆ, ಕಿರೀಟ, ಅಂಟುಮೀಸೆ ಬಂದವು. ಕೂದಲು ಕತ್ತರಿಸುವ ತಿರುಗುಕುರ್ಚಿಗೆ ಕೆಂಪು ಮಕಮಲ್ಲು ಹೊದಿಸಿದ್ದೇ ಸಿಂಹಾಸನವಾಯಿತು. ಮೇಜುಗಳನ್ನು ಜೋಡಿಸಿ, ಮೇಣದಬತ್ತಿ ಹಚ್ಚಿ, ಇಡೀ ಕೋಳಿ ಸುಟ್ಟಿಟ್ಟಳು.

ಬಂದವರು ಜೀನ್ಸು, ಟೀ ಶರ್ಟಿನಲ್ಲಿ ಬಂದರು. ಒಬ್ಬರಾದರೂ ವೇಷ ಹಾಕಿರಲಿಲ್ಲ. ಹೊಸಿಲು ದಾಟುವ ಮೊದಲೇ ಎಲ್ಲರ ಮೊಬೈಲೂ ಮೇಲೆದ್ದಿತ್ತು.

"ಅಯ್ಯೋ, ನಿಜವಾಗ್ಲೂ ಹಾಕ್ಬೇಕಿತ್ತಾ? ತಮಾಷೆ ಅಂದ್ಕೊಂಡ್ವಿ!" ಎಂದರು ಇಂಜಿನಿಯರರ ಹೆಂಡತಿ.

ಪಾರ್ಲರಮ್ಮನ ಮುಖ ಹುಳ್ಳಗಾಯಿತು. ಕೈ ಕಿರೀಟಕ್ಕೆ ಹೋಯಿತು. "ತೆಗೀಬೇಡಿ ಮಹಾರಾಣಿ, ಪ್ಲೀಸ್!" ಎಂದು ಎಲ್ಲರೂ ಕೂಗಿದರು. ಅವಳು ಕಿರೀಟ ಇಟ್ಟುಕೊಂಡೇ ಕೂತು, ಬಾಯಿಪಾಠ ಮಾಡಿದ್ದ ಸ್ವಾಗತ ಶುರುಮಾಡಿದಳು. "ಮಾನ್ಯ ಸಭಾಸದರೇ..." ಮುಂದಿನ ಸಾಲು ಮರೆತು ಮತ್ತೆ ಮೊದಲಿಂದ ಶುರುಮಾಡಿದಳು.

"ಏನಪ್ಪಾ ದ್ವಾರಪಾಲಕ, ನಿಮ್ಮ ರಾಣಿ ಯಾವಾಗ್ಲೂ ಹೀಗೇನಾ?" ಎಂದರು ಇಂಜಿನಿಯರು.

ಅಂಥವರು ಅವನನ್ನು ಮಾತಾಡಿಸಿದ್ದು ಅದೇ ಮೊದಲು. ಹೆಂಡತಿ ಕಣ್ಣಲ್ಲೇ ಗದರಿದಳು. ಅವನು ಭರ್ಜಿಯನ್ನು ಗೋಡೆಗೆ ಒರಗಿಸಿದ.

"ಇವತ್ತು ಎಷ್ಟೋ ವಾಸಿ ಸಾರ್. ಒಂದು ವಾರದಿಂದ ಬಚ್ಚಲಲ್ಲಿ ಬಕೆಟ್ಟಿಗೆ ಭಾಷಣ ಮಾಡ್ತಿದಾಳೆ."

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನಿಗೆ ನಗುವಿನ ರುಚಿ ಹತ್ತಿತು. ಫೋರ್ಕು ಹಿಡಿಯುವುದನ್ನು ಕಲಿಯಲು ಅವಳು ಆಲೂಗಡ್ಡೆ ಚುಚ್ಚಿದ್ದು, ಅದು ಹಾರಿ ತನ್ನ ಹಣೆಗೆ ಬಡಿದದ್ದು, ಎಲ್ಲವನ್ನೂ ಉಪ್ಪುಖಾರ ಹಚ್ಚಿ ಆಡಿ ತೋರಿಸಿದ. ಅವಳ ನಡಿಗೆಯನ್ನೂ ನಡೆದ. ಕೊನೆಗೆ ಡಾಕ್ಟರಮ್ಮನ ಕಡೆ ತಿರುಗಿ, "ನಿಮ್ಮ ಮೀಸೆ ನನ್ನದಕ್ಕಿಂತ ದಟ್ಟ ಅಂತಾಳೆ ಮೇಡಂ!" ಎಂದ.

ಎಲ್ಲರೂ ಡಾಕ್ಟರಮ್ಮನ ಮುಖ ನೋಡಿದರು. ಮೊದಲು ನಕ್ಕವರು ಅವರೇ. "ಹೌದೇನ್ರೀ?" ಎಂದು ಕೇಳಿ, ಕೋಳಿಯ ತೊಡೆ ಮುರಿದುಕೊಂಡರು.

ಎಲ್ಲರೂ ಹೋದ ಮೇಲೆ ಪಾರ್ಲರಮ್ಮ ಕೇಳಿದಳು: "ನನ್ನ ಮೇಲೆ ಯಾಕಿಷ್ಟು ಹಗೆ?"

"ಹಗೆ ಏನೇ? ಬಾಯಿಬಿಟ್ರೆ ಮಾನ ಹೋಗುತ್ತೆ ಅಂತ ನೀನೇ ಅಂದಿದ್ದೆ. ಯಾರ ಮಾನ ಅಂತ ಹೇಳಿರ್ಲಿಲ್ವಲ್ಲ" ಎನ್ನುತ್ತ ಅವನು ಅಂಟುಮೀಸೆ ಕಿತ್ತ. ಅವಳು ಎಂಜಲು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಳು.

ಡಾಕ್ಟರಮ್ಮ ಮತ್ತೆ ಅಂಗಡಿಗೆ ಬರಲಿಲ್ಲ. ಅವರ ಹಿಂದೆಯೇ ಉಳಿದವರೂ ಬರುವುದನ್ನು ನಿಲ್ಲಿಸಿದರು. ಕಿರೀಟ ಹೊತ್ತು ಅವಳು ತಬ್ಬಿಬ್ಬಾದ ವಿಡಿಯೋ ಮೊಬೈಲಿಂದ ಮೊಬೈಲಿಗೆ ಹಾರಿತು; ಬಾಗಿಲಲ್ಲಿ ಇಣುಕಿ ಕಿಸಕ್ಕೆಂದು ನಕ್ಕು ಓಡುವ ಹುಡುಗಿಯರೇ ಹೆಚ್ಚಾದರು. ಪಾರ್ಲರಮ್ಮ ಅಂಗಡಿ ಮುಚ್ಚಿ, ಮಾರುಕಟ್ಟೆಯ ಆಚೆಗಿನ ದೊಡ್ಡ ಪಾರ್ಲರಿನಲ್ಲಿ ತಲೆ ತೊಳೆಯುವ ಕೆಲಸಕ್ಕೆ ಸೇರಿದಳು. ಗಂಡನಿಗೆ ಮಾತ್ರ ಆಫೀಸಿನಲ್ಲಿ ಸಂಜೆ ಕೆಲಸ ಹೆಚ್ಚಾಗಿತ್ತು. ವಾರಕ್ಕೊಮ್ಮೆಯಾದರೂ ಊಟ ಬೇಡವೆಂದು ಹೇಳಿ ಹೋಗುತ್ತಿದ್ದ.

ಒಂದು ಮಧ್ಯಾಹ್ನ ಆ ದೊಡ್ಡ ಪಾರ್ಲರಿಗೆ ಡಾಕ್ಟರಮ್ಮ ಬಂದರು.

"ಓ, ಇಲ್ಲಿದ್ದೀರಾ? ಮೊನ್ನೆ ನಮ್ಮನೆ ಪಾರ್ಟೀಲಿ ನಿಮ್ಮ ಯಜಮಾನ್ರು ಎಷ್ಟು ನಗಿಸಿದ್ರು ಗೊತ್ತಾ! ಅವರಿಲ್ದೆ ನಮಗೀಗ ಊಟಾನೇ ಸೇರಲ್ಲ."

ಪಾರ್ಲರಮ್ಮ ಅವರ ಕತ್ತಿಗೆ ಟವಲ್ ಸುತ್ತಿದಳು.

"ಹೌದಾ ಮೇಡಂ?" ಎಂದಳು. "ತಲೆ ಹಿಂದಕ್ಕೆ ಒರಗಿಸಿ."