ಪಾತರೋಳ್ಳ ಮನೆಯ ಹೆಣ್ಣು

ಅವತ್ತು ಬೆಳಿಗ್ಗೆಯೂ ಎಂದಿನಂತೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಹಾಲು ಕಾಯಲು ಇಟ್ಟೆ. ಹಿತ್ತಲಿಂದ ರೇಷ್ಮೆಗೂಡು ಬೇಯುವ ವಾಸನೆ ಆಗಲೇ ಬರುತ್ತಿತ್ತು. ಶಿಡ್ಲಘಟ್ಟಕ್ಕೆ ಸೊಸೆಯಾಗಿ ಬಂದ ಹೊಸದರಲ್ಲಿ ಆ ವಾಸನೆಗೆ ಸೆರಗನ್ನು ಮೂಗಿಗೆ ಹಿಡಿಯುತ್ತಿದ್ದೆ. ಅರವತ್ತರ ದಶಕದ ಆ ಹೊತ್ತಿಗೆ ಅದು ಗಮನಕ್ಕೇ ಬರುತ್ತಿರಲಿಲ್ಲ. ನಾದಿನಿ ಮಾತ್ರ ತಲೆಗೆ ನೀರು ಹಾಕಿಕೊಂಡು ಬಂದು, ಗೂಡಿನ ವಾಸನೆ ಅಂಟದಿರಲೆಂದು, ಕೂದಲನ್ನು ಸಾಂಬ್ರಾಣಿ ಹೊಗೆಗೆ ಮತ್ತೆ ಮತ್ತೆ ಹಿಡಿದಳು. ಮಂಚೇನಹಳ್ಳಿಯಿಂದ ಗಂಡಿನವರು ಮಾತು ಮುಗಿಸಲು ಬರುವವರಿದ್ದರು. ಹುಡುಗ ನೋಡಿ ಒಪ್ಪಿದ್ದ. ಹಿಂದಿನ ಸಂಬಂಧಗಳಿಗೆಲ್ಲ "ನಿಮ್ಮಿಷ್ಟ" ಎಂದಿದ್ದವಳು ಈ ಸಲ ನನ್ನ ಕಿವಿಯಲ್ಲಿ, "ಇದು ಆಗಲಿ ಅತ್ತಿಗೆ" ಅಂದಿದ್ದಳು.

ನಮ್ಮ ಜನರಲ್ಲಿ ಹೆಣ್ಣು ಕೇಳುವ ಮೊದಲು ಇಂಟಿಪೇರು ಕೇಳುತ್ತಾರೆ, ಅಂದರೆ ಮನೆತನದ ಹೆಸರು. ಒಂದೇ ಇಂಟಿಪೇರಿನವರು ಎಷ್ಟೇ ದೂರದವರಾದರೂ ಅಣ್ಣತಮ್ಮಂದಿರು, ಹೆಣ್ಣು ಕೊಟ್ಟು ತರುವಂತಿಲ್ಲ. ಅದನ್ನು ಯಾರೂ ಹೆಸರಿನ ಜೊತೆ ಬರೆಯುವುದಿಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಸರ್‌ನೇಮ್ ಕೇಳಿದಾಗ ಅಪ್ಪನ ಹೆಸರಿನ ಮೊದಲಕ್ಷರ ಹೇಳಿ ಕೂತಿದ್ದೆ. ನಮ್ಮ ಮಾವನವರ ತಂದೆ ಚಿಂತಾಮಣಿ ಕಡೆಯ ಹಳ್ಳಿ ಬಿಟ್ಟು ಇಲ್ಲಿ ರೇಷ್ಮೆಗೂಡಿನ ವ್ಯಾಪಾರ ಹಿಡಿದಾಗ ಊರವರು ಇಟ್ಟ ಹೆಸರು 'ಗೂಡಿನೋರು'. ಮಾವನವರಿಗೆ ಬುದ್ಧಿ ಬರುವ ಮೊದಲೇ ಆ ತಂದೆ ತೀರಿಕೊಂಡರು. ಹಳೆಯ ಇಂಟಿಪೇರು ಗೊತ್ತಿರದ ಮಾವನವರು, ಗಂಡಿನವರು ಕೇಳಿದಾಗ, 'ಗೂಡಿನೋರು' ಅಂತಲೇ ಹೇಳಿದ್ದರು.

ಮಧ್ಯಾಹ್ನ ಬಂದ ಗಂಡಿನವರಿಗೆ ಉಪ್ಪಿಟ್ಟು ಕೊಡುವ ಹೊತ್ತಿಗೆ ಚಿಂತಾಮಣಿ ಬಸ್ಸಿನಲ್ಲಿ ಮಾವನವರ ಸೋದರತ್ತೆ ಬಂದರು. ಕೂತವರೇ ಹುಡುಗನ ತಂದೆಯನ್ನು ತೆಲುಗಿನಲ್ಲಿ ಕೇಳಿದರು: "ಮೀ ಇಂಟಿಪೇರೇಮಪ್ಪಾ?"

"ಪಾತರೋಳ್ಳಮ್ಮಾ."

ಮುದುಕಿ ಲೋಟ ಕೆಳಗಿಟ್ಟರು. "ನಾವೂ ಪಾತರೋಳ್ಳೇ ಅಲ್ವೇನಪ್ಪ!"

ಪಾತರ ಅಂದರೆ ರಾಗಿ ತುಂಬಿಡುವ ಹಗೇವು, ನೆಲದೊಳಗಿನ ಕಣಜ. ಬರ ಬಂದಾಗ ಹಿರಿಯರೊಬ್ಬರು ಹಗೇವು ತೆರೆದು ಊರಿಗೆಲ್ಲ ರಾಗಿ ಅಳೆದರಂತೆ, ಅಂದಿನಿಂದ ಆ ಹೆಸರು. ತಮ್ಮ ಹಳ್ಳಿಯಲ್ಲಿ ಈಗಲೂ ಒಂದು ಬೀದಿ ಪೂರ್ತಿ ಅವರೇ ಎಂದು ಮುದುಕಿ ಹೇಳಿದರು. ಮಾವನವರು ಬೆಪ್ಪಾಗಿ ಕೇಳುತ್ತಿದ್ದರು.

ಹುಡುಗನ ತಂದೆ ಬಿಡಲಿಲ್ಲ. "ನಮ್ದು ಬೇರೆ ಇರ್ಬೇಕಮ್ಮ. ನಮ್ಮ ಹಿರೀಕ ಹಗೇವಿಗಿಳಿದು ಉಸಿರು ಕಟ್ಟಿ ಸತ್ತೋದ್ನಂತೆ. ಗೌರಿಬಿದನೂರು ಸುತ್ತ ನಾವು ನಾಲ್ಕು ಮನೆ, ಅಷ್ಟೇ."

"ನೋಡಿ ಮತ್ತೆ! ಕತೇನೇ ಬೇರೆ!" ನಮ್ಮ ಅತ್ತೆ ಅಡುಗೆಮನೆ ಬಾಗಿಲಿಂದಲೇ ಕೂಗಿದರು.

"ಹಗೇವು ತೆಗೆದೋನು ಅಣ್ಣ, ಇಳಿದೋನು ತಮ್ಮ ಕಣಮ್ಮ," ಅಂದರು ಮುದುಕಿ. " ತಮ್ಮನ ಹೆಂಡ್ತಿ ಮಕ್ಕಳನ್ನ ಕಟ್ಕೊಂಡು ಆ ಕಡೆ ಹೋದ್ಲು ಅಂತ ನಮ್ಮಜ್ಜಿ ಹೇಳ್ತಿದ್ಲು."

ಅಜ್ಜಿ ನಿಜವಾಗಿ ಹೇಳಿದ್ದರೋ, ಎರಡು ಕತೆಗಳನ್ನು ಮುದುಕಿ ಅಲ್ಲೇ ಹೊಲಿದುಬಿಟ್ಟರೋ, ನನಗೆ ಇವತ್ತಿಗೂ ತಿಳಿಯದು. ಹೇಳುವಾಗ ಅವರು ಯಾರ ಮುಖವನ್ನೂ ನೋಡಲಿಲ್ಲ. ಸೀರೆಯ ಮೇಲೆ ಬಿದ್ದ ರವೆಯ ಕಾಳೊಂದನ್ನು ಬೆರಳಿಂದ ಒತ್ತಿ ಒತ್ತಿ ತೆಗೆಯುತ್ತಿದ್ದರು.

ಬಂದಾಗ ಮಾವನವರನ್ನು "ಬೀಗರೇ" ಎಂದು ತಮಾಷೆ ಮಾಡಿದ್ದ ಹುಡುಗನ ತಂದೆ ಹೊರಡುವಾಗ "ಬರ್ತೀನಣ್ಣ" ಎಂದು ಕೈಮುಗಿದರು. ಒಳಗೆ ಗೋಡೆಗೆ ಅಂಟಿ ನಿಂತಿದ್ದ ನಾದಿನಿಯ ತಲೆ ಮುಟ್ಟಿ, "ಬರ್ತೀನಿ ಮಗಳೇ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಅವಳು ಆ ಕೈಯ ಕೆಳಗೆ ಕುಗ್ಗಿದ್ದನ್ನು ನಾನೊಬ್ಬಳೇ ಕಂಡೆ.

ಸಂಜೆ ಅವಳು ಮುಡಿದ ಹೂವನ್ನೂ ತೆಗೆಯದೆ ಜಗಲಿಯಲ್ಲಿ ನನ್ನ ಪಕ್ಕ ಕೂತಿದ್ದಳು. ಪಕ್ಕದ ಮನೆಯಾಕೆ ಅವರೆಕಾಯಿ ಸುಲಿಯುತ್ತ, "ಏನಾಯ್ತಮ್ಮ, ಬೇಗ ಹೋಗ್ಬಿಟ್ರು?" ಎಂದು ಕೇಳಿದರು. ಹೇಳಿದೆ.

"ಅಯ್ಯೋ, ಅದಕ್ಕಾ? ನಂದೂ ನಮ್ಮನೆಯೋರ್ದೂ ಒಂದೇ ಇಂಟಿಪೇರು ಕಣಮ್ಮ. ನಮ್ಮ ಮಾತುಕತೆ ದಿನ ಇಂಟಿಪೇರು ಕೇಳೋ ಮುದುಕಿ ಜ್ವರ ಬಂದು ಮಲಗಿದ್ಲು, ಅಷ್ಟೇ," ಅಂದರು ಆಕೆ. "ಒಂದೆಸಳು ಕರಿಬೇವಿದ್ರೆ ಕೊಡು."